ವಾಹನ ಪ್ರಶ್ನೋತ್ತರ: ಹಳೆಯ ವ್ಯಾನಿನ ಹಿಂದಿನ ದೀಪಗಳು

ಹಳೆಯ ವ್ಯಾನ್‌ಗಳ ಹಿಂದಿನ ದೀಪಗಳನ್ನು ಬದಲಿಸುವ ಬಗ್ಗೆ ಓದುಗರಿಂದ ಪತ್ರಗಳು ಒಂದರ ಬೆನ್ನಿಗೆ ಒಂದು ಬಂದಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಕೆಲವು ಪತ್ರಗಳನ್ನು ಚಿಕ್ಕದು ಮಾಡಿ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಬಳಿ ಮೂವತ್ತು ವರ್ಷಕ್ಕೂ ಹಳೆಯದಾದ ಸರಕು ಸಾಗಿಸುವ ವ್ಯಾನ್ ಇದೆ. ಎಂಜಿನ್‌ನ ತಕರಾರು ಏನೂ ಇಲ್ಲ. ಆದರೆ ಬ್ರೇಕ್ ಒತ್ತಿದಾಗ ಹಿಂದಿನ ದೀಪ ಹೊತ್ತಿಕೊಂಡಿತೋ ಇಲ್ಲವೋ ಎಂಬುದು ಹಗಲಿನಲ್ಲಿ ಗೊತ್ತೇ ಆಗುವುದಿಲ್ಲ ಎಂದು ಹಿಂದೆ ಬರುವವರು ದೂರುತ್ತಾರೆ. ಎರಡು ಸಲ ಹೊಸ ಬಲ್ಬ್ ಹಾಕಿಸಿದೆ, ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಎಲ್‌ಇಡಿ ಹಾಕಿಸಿಬಿಟ್ಟರೆ ಈ ತೊಂದರೆ ತೀರುವುದೇ?

ಉತ್ತರ: ತೀರಿದಂತೆ ಕಾಣಬಹುದು, ಆದರೆ ತೊಂದರೆ ಇದ್ದಲ್ಲೇ ಇರುತ್ತದೆ. ಹೊಸ ಬಲ್ಬ್ ಹಾಕಿದ ಮೇಲೂ ಬೆಳಕು ಮಂಕಾಗಿಯೇ ಇದೆ ಎಂದು ತಾವೇ ಬರೆದಿದ್ದೀರಿ. ತಪ್ಪು ಬಲ್ಬಿನದಲ್ಲ, ಬಲ್ಬಿಗೆ ವಿದ್ಯುತ್ತು ಬರುವ ದಾರಿಯದು ಅಥವಾ ಅಲ್ಲಿಂದ ಹಿಂದಿರುಗುವ ದಾರಿಯದು ಎಂಬುದಕ್ಕೆ ಅದೇ ಸಾಕ್ಷಿ.

ಬ್ರೇಕ್ ದೀಪಕ್ಕೆ ಸಾಮಾನ್ಯವಾಗಿ ಬಳಸುವ 12 ವೋಲ್ಟಿನ, 21 ವ್ಯಾಟಿನ ಬಲ್ಬ್, 13.5 ವೋಲ್ಟ್ ಸಿಕ್ಕಾಗ ಸುಮಾರು 460 ಲೂಮೆನ್ ಬೆಳಕು ಕೊಡಬೇಕೆಂಬುದು ಲೆಕ್ಕ. ಆದರೆ ತಂತು ಕಾದು ಬೆಳಗುವ ಬಲ್ಬಿನ ಸ್ವಭಾವವೇನೆಂದರೆ, ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಅದರ ಹಲವು ಪಟ್ಟು ಇಳಿದುಬಿಡುತ್ತದೆ. ದಾರಿಯಲ್ಲಿ ಒಂದೇ ಒಂದು ವೋಲ್ಟ್ ಸೋರಿಹೋದರೆ ಬೆಳಕಿನ ಕಾಲು ಭಾಗದಷ್ಟು ಹೋದಂತೆ. ಎರಡು ವೋಲ್ಟ್ ಹೋದರೆ ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಮೂವತ್ತು ವರ್ಷಗಳ ಕಾಲ ಮಳೆ, ಕೆಸರು, ಧೂಳು ತಿಂದ ವ್ಯಾನಿನ ಹಿಂಭಾಗದಲ್ಲಿ ಎರಡು ವೋಲ್ಟ್ ಕಳೆದುಕೊಳ್ಳುವುದು ಏನೇನೂ ಕಷ್ಟವಲ್ಲ.

ಇದನ್ನು ಪತ್ತೆ ಹಚ್ಚಲು ಒಂದು ಸಾಧಾರಣ ಮಲ್ಟಿಮೀಟರ್ ಮತ್ತು ಬ್ರೇಕ್ ಪೆಡಲ್ ಒತ್ತಿ ಕೂರುವ ಒಬ್ಬರು ಸಾಕು. ಎಂಜಿನ್ ಚಾಲೂ ಇಟ್ಟು ಮೊದಲು ಬ್ಯಾಟರಿಯ ಎರಡು ತುದಿಗಳ ನಡುವೆ ಅಳೆಯಿರಿ, 13.5ರಿಂದ 14.4ರೊಳಗೆ ಇರಬೇಕು. ಆಮೇಲೆ ಹಿಂದೆ ಹೋಗಿ, ದೀಪದ ಗಾಜು ಬಿಚ್ಚಿ, ಬಲ್ಬ್ ಉರಿಯುತ್ತಿರುವಾಗಲೇ ಹೋಲ್ಡರಿನ ತಳದ ಸಂಪರ್ಕಕ್ಕೂ ಹೋಲ್ಡರಿನ ಲೋಹದ ಮೈಗೂ ನಡುವೆ ಅಳೆಯಿರಿ. ‘ಉರಿಯುತ್ತಿರುವಾಗಲೇ’ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಅನುಭವವುಳ್ಳ ಮೆಕ್ಯಾನಿಕ್‌ಗಳು ಕೂಡ ಬಲ್ಬನ್ನು ಹೊರತೆಗೆದು ಖಾಲಿ ಹೋಲ್ಡರಿನಲ್ಲಿ ಅಳೆದು, ‘ಕರೆಂಟ್ ಸರಿಯಾಗಿ ಬರುತ್ತಿದೆ’ ಎಂದು ಹೇಳಿಬಿಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಬಲ್ಬ್ ಇಲ್ಲದಿರುವಾಗ ತಂತಿಯಲ್ಲಿ ವಿದ್ಯುತ್ತು ಹರಿಯುವುದೇ ಇಲ್ಲ. ಹರಿಯದಿದ್ದರೆ ತುಕ್ಕು ಹಿಡಿದ ಜೋಡಣೆಯಲ್ಲಿ ನಷ್ಟವೂ ಆಗುವುದಿಲ್ಲ. ಹಾಗಾಗಿ ಕೂದಲೆಳೆಯಷ್ಟೇ ಸಂಪರ್ಕ ಉಳಿದಿದ್ದರೂ ಮೀಟರ್ ಬ್ಯಾಟರಿಯ ಪೂರ್ತಿ ವೋಲ್ಟೇಜ್ ತೋರಿಸುತ್ತದೆ.

ದೀಪದ ಬಳಿಯ ಅಳತೆ ಬ್ಯಾಟರಿಯ ಅಳತೆಗಿಂತ ಅರ್ಧ ವೋಲ್ಟಿಗೂ ಮೀರಿ ಕಡಿಮೆಯಿದ್ದರೆ, ಆ ನಷ್ಟ ಹೋಗುವ ದಾರಿಯದೋ ಹಿಂದಿರುಗುವ ದಾರಿಯದೋ ಎಂದು ಬೇರ್ಪಡಿಸಬೇಕು. ಮೀಟರಿನ ಒಂದು ತುದಿಯನ್ನು ಹೋಲ್ಡರಿನ ಮೈಗೆ, ಇನ್ನೊಂದನ್ನು ಉದ್ದನೆಯ ತಂತಿಯ ಮೂಲಕ ಬ್ಯಾಟರಿಯ ಋಣ ತುದಿಗೆ ಹಿಡಿಯಿರಿ. ಅರ್ತ್, ಅಂದರೆ ವಿದ್ಯುತ್ತು ತಗಡಿನ ಬಾಡಿಯ ಮೂಲಕ ಬ್ಯಾಟರಿಗೆ ಹಿಂದಿರುಗುವ ದಾರಿ, ಚೆನ್ನಾಗಿದ್ದರೆ ಅಲ್ಲಿ ಬರಬೇಕಾದದ್ದು 0.1 ವೋಲ್ಟಿನ ಆಸುಪಾಸು. ಒಮ್ಮೆ ನಾನು ನೋಡಿದ ವ್ಯಾನೊಂದರಲ್ಲಿ ಅದು 1.6 ವೋಲ್ಟ್ ಇತ್ತು. ದೀಪದ ತಟ್ಟೆ ಬಿಚ್ಚಿದಾಗ ಕಂಡದ್ದಿಷ್ಟು: ಆ ಬದಿಯ ಎಲ್ಲ ಬಲ್ಬ್‌ಗಳಿಗೂ ಸೇರಿ ಒಂದೇ ಒಂದು ಅರ್ತ್ ತಂತಿ, ಅದರ ತುದಿಯ ಬಳೆಯನ್ನು ತಗಡಿಗೆ ಕಚ್ಚಿಸಿದ್ದ ಒಂದು ಸ್ಕ್ರೂ, ಹಿಂದೆಂದೋ ವ್ಯಾನಿನ ಮೈಗೆ ಬಣ್ಣ ಹೊಡೆದವರು ಸ್ಕ್ರೂವಿನ ಸಮೇತ ಅದರ ಮೇಲೆಯೂ ಹಾಯಿಸಿದ್ದ ಬಣ್ಣ. ಸ್ಕ್ರೂ ಸಡಿಲಿಸುತ್ತಿದ್ದಂತೆ ಬಳೆಯ ಅಡಿಯಿಂದ ಕಂದು ಬಣ್ಣದ ತುಕ್ಕಿನ ಪುಡಿ ಉದುರಿತು. ಆ ಜಾಗವನ್ನು ಎಮರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ಬಳೆಯೊಂದನ್ನು ಹಲ್ಲುಳ್ಳ ವಾಷರಿನೊಂದಿಗೆ ಬಿಗಿದು, ಮೇಲೆ ನೀರು ತಾಗದಂತೆ ವ್ಯಾಸಲೀನ್ ಸವರಿದ ಮೇಲೆ ಅಳೆದರೆ 0.05 ವೋಲ್ಟ್. ಪೆಡಲ್ ಒತ್ತಿ ಕೂತಿದ್ದ ಮಾಲೀಕರು ಹಿಂದಿನ ಗೋಡೆಯ ಮೇಲೆ ಬಿದ್ದ ಕೆಂಪು ಬೆಳಕನ್ನು ಕನ್ನಡಿಯಲ್ಲಿ ಕಂಡು, ‘ಯಾವ ಕಂಪನಿಯ ಬಲ್ಬ್ ಹಾಕಿದಿರಿ?’ ಎಂದು ಕೂಗಿ ಕೇಳಿದರು. ಬಲ್ಬ್ ಅದೇ ಹಳೆಯದಾಗಿತ್ತು.

ಅರ್ತ್ ಕೆಟ್ಟಿರುವುದನ್ನು ಮೀಟರ್ ಇಲ್ಲದೆಯೂ ಊಹಿಸಬಹುದು. ಇಂಡಿಕೇಟರ್ ಹಾಕಿದಾಗ ಅದೇ ಬದಿಯ ಟೇಲ್ ಲ್ಯಾಂಪ್ ತಾನೂ ಮಿಣುಕತೊಡಗಿದರೆ, ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂದವಾಗಿ ಹೊತ್ತಿಕೊಂಡರೆ, ಬಾಡಿಯನ್ನು ಸೇರುವ ದಾರಿ ಸಿಗದ ವಿದ್ಯುತ್ತು ಪಕ್ಕದ ಬಲ್ಬಿನ ತಂತುವಿನೊಳಗೆ ನುಸುಳಿ ಹಿಂದಿರುಗುತ್ತಿದೆ ಎಂದರ್ಥ. ನನ್ನ ಸಲಹೆಯೆಂದರೆ ತಗಡಿನ ಬಾಡಿಯನ್ನೇ ನೆಚ್ಚಿಕೊಳ್ಳದೆ, ಎರಡೂ ಬದಿಯ ದೀಪಗಳಿಂದ ಒಂದೊಂದು ಪ್ರತ್ಯೇಕ ಅರ್ತ್ ತಂತಿಯನ್ನು ಎಳೆದು ಚಾಸಿಯ ಗಟ್ಟಿಯಾದ ಜಾಗಕ್ಕೆ ಬೋಲ್ಟ್ ಮಾಡುವುದು. ಒಂದು ಮಧ್ಯಾಹ್ನದ ಕೆಲಸ, ವ್ಯಾನ್ ಇರುವಷ್ಟು ಕಾಲ ನೆಮ್ಮದಿ.

ಇನ್ನು ಹೋಗುವ ದಾರಿ. ಇಲ್ಲಿ ಹಲವರು ತಂತಿ ತೆಳುವಾಯಿತೆಂದು ಶಂಕಿಸಿ ಇಡೀ ವೈರಿಂಗನ್ನೇ ಬದಲಿಸಲು ಹೊರಡುತ್ತಾರೆ. 21 ವ್ಯಾಟಿನ ಎರಡು ಬಲ್ಬ್‌ಗಳು ಸೇರಿ ಎಳೆಯುವುದು ಸುಮಾರು 3.5 ಆಂಪಿಯರ್, ಒಂದು ಚದರ ಮಿಲಿಮೀಟರ್ ದಪ್ಪದ, ಐದು ಮೀಟರ್ ಉದ್ದದ ತಾಮ್ರದ ತಂತಿಯಲ್ಲಿ ಅಷ್ಟು ಹರಿದಾಗ ಆಗುವ ನಷ್ಟ 0.3 ವೋಲ್ಟ್ ಮಾತ್ರ. ನಷ್ಟವೆಲ್ಲ ಇರುವುದು ಜೋಡಣೆಗಳಲ್ಲಿ: ಕಿಲುಬು ಹಿಡಿದ ಹಿತ್ತಾಳೆಯ ಹೋಲ್ಡರಿನಲ್ಲಿ, ಸಡಿಲವಾದ ಫ್ಯೂಸಿನ ಕಾಲುಗಳಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಬ್ರೇಕ್ ದೀಪದ ಸ್ವಿಚ್ಚಿನಲ್ಲಿ. ಆ ಸ್ವಿಚ್ಚಿನ ಎರಡು ತುದಿಗಳ ನಡುವೆ, ಬ್ರೇಕ್ ಒತ್ತಿರುವಾಗ ಅಳೆದು 0.3 ವೋಲ್ಟಿಗೂ ಹೆಚ್ಚು ಬಂದರೆ ಸ್ವಿಚ್ಚನ್ನು ಬದಲಿಸಿರಿ, ಇಲ್ಲವೇ ಅದರಿಂದ ಒಂದು ರಿಲೇಯನ್ನು (ಅಲ್ಪ ವಿದ್ಯುತ್ತಿನಿಂದ ನಡೆದು ಹೆಚ್ಚಿನ ವಿದ್ಯುತ್ತಿಗೆ ದಾರಿ ಬಿಡುವ ಸ್ವಿಚ್ಚು) ಮಾತ್ರ ನಡೆಸಿ, ದೀಪಗಳಿಗೆ ಪ್ರತ್ಯೇಕ ಫ್ಯೂಸಿನ ಮೂಲಕ ನೇರ ತಂತಿ ಎಳೆಸಿರಿ.

ಇಷ್ಟೆಲ್ಲ ಮಾಡಿದ ಬಳಿಕವೂ ಎಲ್‌ಇಡಿ ಬೇಕೆನಿಸಿದರೆ ಧಾರಾಳವಾಗಿ ಹಾಕಿಸಿಕೊಳ್ಳಿ. ಮೊದಲೇ ಹಾಕಿದರೆ ಆಗುವುದೇನೆಂದರೆ, ಎಲ್‌ಇಡಿ ಎಳೆಯುವ ವಿದ್ಯುತ್ತು ತೀರಾ ಕಡಿಮೆಯಾದ್ದರಿಂದ ಕೆಟ್ಟ ಜೋಡಣೆಯಲ್ಲೂ ಅದು ಚೆನ್ನಾಗಿಯೇ ಬೆಳಗುತ್ತದೆ, ತುಕ್ಕು ಒಳಗೊಳಗೇ ಬೆಳೆಯುತ್ತದೆ, ಕೊನೆಗೆ ಒಂದು ಮಳೆಗಾಲದ ರಾತ್ರಿ ಮಂಕಾಗುವ ಮುನ್ಸೂಚನೆಯನ್ನೂ ಕೊಡದೆ ದೀಪ ಒಮ್ಮೆಗೇ ಆರಿಹೋಗುತ್ತದೆ.

ಪ್ರಶ್ನೆ: ಹಳೆಯ ದೀಪದ ಹೋಲ್ಡರಿಗೇ ಕೂರುವ ಬಿಳಿ ಎಲ್‌ಇಡಿ ಬಲ್ಬ್‌ಗಳನ್ನು ತಂದು ಹಾಕಿದೆ. ಬ್ರೇಕ್ ಒತ್ತಿದರೆ ಕೆಂಪಿನ ಬದಲು ಗುಲಾಬಿ ಬಣ್ಣ ಕಾಣುತ್ತದೆ. ಟೇಲ್ ಲ್ಯಾಂಪ್ ಉರಿಯುತ್ತಿರುವಾಗ ಬ್ರೇಕ್ ಒತ್ತಿದರೆ ವ್ಯತ್ಯಾಸವೂ ಹೆಚ್ಚು ತಿಳಿಯುವುದಿಲ್ಲ. ಬಲ್ಬ್ ಕಳಪೆಯದೇ?

ಉತ್ತರ: ಕಳಪೆಯೂ ಇರಬಹುದು, ಆದರೆ ಮೂಲದ ತಪ್ಪು ಬಣ್ಣದ ಆಯ್ಕೆಯಲ್ಲಿದೆ. ಬಿಳಿ ಎಲ್‌ಇಡಿ ಎಂಬುದು ವಾಸ್ತವದಲ್ಲಿ ಹಳದಿ ಲೇಪನ ಹಚ್ಚಿದ ನೀಲಿ ಎಲ್‌ಇಡಿ. ಅದರ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ. ತಂತುವಿನ ಬಲ್ಬಿನದು ಇದಕ್ಕೆ ತದ್ವಿರುದ್ಧ. ಅದರ ಬೆಳಕು ಕೆಂಪು, ಹಳದಿಗಳತ್ತಲೇ ವಾಲಿರುತ್ತದೆ. ಕೆಂಪು ಗಾಜು ಕೆಂಪನ್ನು ಮಾತ್ರ ಹೊರಬಿಟ್ಟು ಉಳಿದದ್ದನ್ನು ತಡೆಯುವುದರಿಂದ, ಬಿಳಿ ಎಲ್‌ಇಡಿಯ ಬೆಳಕಿನ ಬಹುಪಾಲು ಗಾಜಿನಲ್ಲೇ ಮುಗಿದುಹೋಗುತ್ತದೆ. ಮಾಸಿದ ಗಾಜಾದರೆ ಒಂದಿಷ್ಟು ಬೇರೆ ಬಣ್ಣವೂ ಸೋರಿ ತಾವು ಹೇಳುವ ಗುಲಾಬಿ ಛಾಯೆ ಬರುತ್ತದೆ. ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿ, ಕಿತ್ತಳೆ ಗಾಜಿನ ಹಿಂದೆ ಕಿತ್ತಳೆ ಎಲ್‌ಇಡಿ ಎಂಬುದೇ ಸರಿ. ಒಂದೇ ಎಚ್ಚರಿಕೆ: ಹಲವು ಹಳೆಯ ದೀಪಗಳಲ್ಲಿ ಟೇಲ್ ಲ್ಯಾಂಪಿನ ತಳಭಾಗದ ಬಣ್ಣವಿಲ್ಲದ ಕಿಟಕಿಯಿಂದ ನಂಬರ್ ಪ್ಲೇಟಿನ ಮೇಲೆ ಬೆಳಕು ಬೀಳುವ ಏರ್ಪಾಡು ಇರುತ್ತದೆ. ಅಂಥದ್ದಕ್ಕೆ ಕೆಂಪು ಎಲ್‌ಇಡಿ ಹಾಕಿದರೆ ನಂಬರ್ ಪ್ಲೇಟ್ ಕೆಂಪಗಾಗಿ ಕೂರುತ್ತದೆ. ಅದಕ್ಕೆ ಬೇರೆಯೇ ಬಿಳಿ ದೀಪ ಬೇಕಾಗುತ್ತದೆ.

ಟೇಲ್ ಮತ್ತು ಬ್ರೇಕ್ ನಡುವಿನ ವ್ಯತ್ಯಾಸದ ಸಂಗತಿ ಬಣ್ಣಕ್ಕಿಂತ ಗಂಭೀರವಾದದ್ದು. ಎರಡು ತಂತುಗಳ 21/5 ವ್ಯಾಟ್ ಬಲ್ಬಿನಲ್ಲಿ ಬ್ರೇಕಿನ ತಂತು ಸುಮಾರು 440 ಲೂಮೆನ್, ಟೇಲಿನ ತಂತು ಸುಮಾರು 35 ಲೂಮೆನ್ ಬೆಳಕು ಕೊಡುತ್ತದೆ. ಅಂದರೆ ಹನ್ನೆರಡು ಪಟ್ಟಿಗೂ ಹೆಚ್ಚು ಅಂತರ. ಹಿಂದಿನ ಚಾಲಕನಿಗೆ ಬ್ರೇಕ್ ಬಿತ್ತೆಂದು ಹೇಳುವುದು ಬೆಳಕಲ್ಲ, ಬೆಳಕಿನಲ್ಲಾದ ಈ ಜಿಗಿತ. ಅಗ್ಗದ ಎಲ್‌ಇಡಿ ಬಲ್ಬ್‌ಗಳಲ್ಲಿ ಟೇಲನ್ನೇ ಕಣ್ಣು ಕುಕ್ಕುವಷ್ಟು ಪ್ರಖರವಾಗಿಟ್ಟಿರುತ್ತಾರೆ, ಏಕೆಂದರೆ ಅಂಗಡಿಯ ಮೇಜಿನ ಮೇಲೆ ಕೊಳ್ಳುವವನ ಕಣ್ಣಿಗೆ ಚೆನ್ನಾಗಿ ಕಾಣುವುದು ಅದೇ.

ಮೂರನೆಯ ಸಂಗತಿ ಕಣ್ಣಿಗೆ ತಕ್ಷಣ ಕಾಣದ್ದು. ಹಳೆಯ ದೀಪದೊಳಗಿನ ಕನ್ನಡಿಯಂಥ ಬಟ್ಟಲು ಮತ್ತು ಗಾಜಿನ ಒಳಮೈಯ ಗೆರೆಗಳು, ನಿರ್ದಿಷ್ಟ ಜಾಗದಲ್ಲಿರುವ ಕಡ್ಡಿಯಷ್ಟು ಸಣ್ಣ ತಂತುವಿನಿಂದ ಸುತ್ತಲೂ ಹೊಮ್ಮುವ ಬೆಳಕನ್ನು ಹಿಡಿದು ಹಿಂದಕ್ಕೂ ಪಕ್ಕಗಳಿಗೂ ಹಂಚುವಂತೆ ಲೆಕ್ಕ ಹಾಕಿ ಮಾಡಿದವು. ಎಲ್‌ಇಡಿ ಬಲ್ಬಿನ ಬಿಲ್ಲೆಗಳು ಬೇರೆ ಜಾಗದಲ್ಲಿದ್ದು ಬೇರೆ ದಿಕ್ಕಿಗೆ ಮುಖಮಾಡಿರುತ್ತವೆ. ನೇರ ಹಿಂದೆ ನಿಂತರೆ ನಡುವೆ ಒಂದು ಉರಿಯುವ ಚುಕ್ಕೆ, ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಮಬ್ಬು ಎಂಬಂತಾಗುವುದು ಇದರಿಂದಲೇ. ಬಹಳಷ್ಟು ದೇಶಗಳಲ್ಲಿ ದೀಪಕ್ಕೆ ಅನುಮೋದನೆ ಕೊಡುವುದು ಅದಕ್ಕೆ ನಿಗದಿಯಾದ ಬಲ್ಬಿನ ಸಮೇತವಾದ್ದರಿಂದ, ತಂತುವಿನ ಬಲ್ಬಿನ ದೀಪಕ್ಕೆ ಎಲ್‌ಇಡಿ ಹಾಕಿದರೆ ವಾಹನ ತಪಾಸಣೆಯಲ್ಲಿ ತಕರಾರು ಬರಬಹುದೆಂಬುದನ್ನೂ ನೆನಪಿಡಬೇಕು. ತಮ್ಮಲ್ಲಿನ ನಿಯಮವನ್ನು ಮೊದಲೇ ಕೇಳಿ ತಿಳಿಯಿರಿ.

ಪರೀಕ್ಷಿಸಲು ನಾನು ಅನುಸರಿಸುವ ವಿಧಾನ ಸರಳವಾದದ್ದು. ಒಂದು ಬದಿಯಲ್ಲಿ ಹಳೆಯ ಬಲ್ಬ್, ಇನ್ನೊಂದು ಬದಿಯಲ್ಲಿ ಎಲ್‌ಇಡಿ ಹಾಕಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಮೂವತ್ತು ಹೆಜ್ಜೆ ದೂರ ನಿಂತು, ನೇರವಾಗಿಯೂ ಎರಡೂ ಪಕ್ಕಗಳಿಂದ ಓರೆಯಾಗಿಯೂ ನೋಡಬೇಕು. ಎಲ್ಲ ಕೋನಗಳಲ್ಲೂ ಎಲ್‌ಇಡಿ ಹಳೆಯದಕ್ಕಿಂತ ಕಡಿಮೆ ಕಾಣದಿದ್ದರೆ ಇಟ್ಟುಕೊಳ್ಳಿ. ಒಂದು ಕೋನದಲ್ಲಿ ಸೋತರೂ ಹಳೆಯದೇ ವಾಸಿ. ಗೆದ್ದರೆ ಸಿಗುವ ಲಾಭ ಸಣ್ಣದಲ್ಲ: ತಂತು ಕಾದು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡ್ ತೆಗೆದುಕೊಂಡರೆ ಎಲ್‌ಇಡಿ ತಕ್ಷಣ ಬೆಳಗುತ್ತದೆ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ಹಿಂದಿನ ವಾಹನಕ್ಕೆ ಅದು ನಾಲ್ಕು ಮೀಟರಿಗೂ ಹೆಚ್ಚು ಅಂತರ ಉಳಿಸಿಕೊಟ್ಟಂತೆ.

ಪ್ರಶ್ನೆ: ನಾಲ್ಕೂ ಇಂಡಿಕೇಟರ್‌ಗಳಿಗೆ ಎಲ್‌ಇಡಿ ಹಾಕಿದ ಮೇಲೆ ಅವು ಮಿಣುಕುವುದನ್ನೇ ಬಿಟ್ಟು ಸುಮ್ಮನೆ ಉರಿಯತೊಡಗಿದವು. ಮೆಕ್ಯಾನಿಕ್ ಫ್ಲಾಷರ್ ರಿಲೇ ಬದಲಿಸಿದರು. ಈಗ ಮಿಣುಕುತ್ತವೆ, ಆದರೆ ಎಡಕ್ಕೆ ಹಾಕಿದರೂ ಬಲಕ್ಕೆ ಹಾಕಿದರೂ ನಾಲ್ಕೂ ಒಟ್ಟಿಗೆ ಮಿಣುಕುತ್ತವೆ. ಸ್ವಿಚ್ ಕೆಟ್ಟಿದೆ ಎನ್ನುತ್ತಾರೆ. ನಿಜವೇ?

ಉತ್ತರ: ಸ್ವಿಚ್ಚಿಗೆ ದಯವಿಟ್ಟು ಹಣ ಹಾಕಬೇಡಿ. ತಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ, ಮೊದಲನೆಯದು ವಾಸಿಯಾಗಿದೆ, ಎರಡನೆಯದು ಡ್ಯಾಶ್‌ಬೋರ್ಡಿನಲ್ಲಿದೆ.

ಮೊದಲನೆಯದನ್ನು ಬೇಗ ಮುಗಿಸೋಣ. ಹಳೆಯ ಫ್ಲಾಷರ್ ಡಬ್ಬಿಯೊಳಗೆ ಇರುವುದು ಬಿಸಿಯಾದಾಗ ಬಾಗುವ ಲೋಹದ ಪಟ್ಟಿ. ಎರಡು 21 ವ್ಯಾಟ್ ಬಲ್ಬ್‌ಗಳ ವಿದ್ಯುತ್ತು ಹರಿದರೆ ಮಾತ್ರ ಅದು ಸಾಕಷ್ಟು ಕಾದು, ಬಾಗಿ, ಸಂಪರ್ಕ ಕಡಿದು, ತಣಿದು ಮತ್ತೆ ಕೂಡುತ್ತದೆ. ಎಲ್‌ಇಡಿಯ ಅಲ್ಪ ವಿದ್ಯುತ್ತಿಗೆ ಅದು ಕಾಯುವುದೇ ಇಲ್ಲ. ಇದರ ನಂತರದ ಕಾಲದ ಎಲೆಕ್ಟ್ರಾನಿಕ್ ಫ್ಲಾಷರ್‌ಗಳಾದರೆ ವಿದ್ಯುತ್ತು ಕಡಿಮೆಯಾದದ್ದನ್ನು ಕಂಡು ಒಂದು ಬಲ್ಬ್ ಸುಟ್ಟುಹೋಗಿದೆಯೆಂದು ತಿಳಿದು, ಚಾಲಕನನ್ನು ಎಚ್ಚರಿಸಲು ಬೇಕೆಂದೇ ದುಪ್ಪಟ್ಟು ವೇಗದಲ್ಲಿ ಮಿಣುಕಿಸುತ್ತವೆ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿಣುಕಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಅದಕ್ಕೆ ಎಲ್‌ಇಡಿಗೆಂದೇ ಮಾಡಿದ ರಿಲೇ ಬೇಕು. ಅಂಥ ರಿಲೇಗೆ ತಾನು ಕೆಲಸ ಮಾಡಲು ಪ್ರತ್ಯೇಕ ಅರ್ತ್ ತಂತಿ ಬೇಕಾಗುತ್ತದೆ, ಎರಡೇ ಕಾಲಿನ ಹಳೆಯ ಸಾಕೆಟ್ಟಿನಲ್ಲಿ ಅದು ಇರುವುದಿಲ್ಲ. ತಮ್ಮ ಮೆಕ್ಯಾನಿಕ್ ಅದನ್ನು ಸರಿಯಾಗಿಯೇ ಕೊಟ್ಟಿರಬೇಕು.

ಕೆಲವರು ರಿಲೇ ಬದಲಿಸುವ ಬದಲು, ಹಳೆಯ ಬಲ್ಬಿನಷ್ಟೇ ವಿದ್ಯುತ್ತು ಹರಿಯಲೆಂದು ಪ್ರತಿ ಎಲ್‌ಇಡಿಗೆ ಸಮಾನಾಂತರವಾಗಿ 6 ಓಮಿನ ರೆಸಿಸ್ಟರ್ ಜೋಡಿಸುತ್ತಾರೆ. ನನಗೆ ಇದು ಹಿಡಿಸದ ಉಪಾಯ. 13.5 ವೋಲ್ಟಿನಲ್ಲಿ ಆ ರೆಸಿಸ್ಟರ್ 30 ವ್ಯಾಟಿನಷ್ಟು ಶಾಖ ಉಗುಳುತ್ತದೆ. ತೆಗೆದುಹಾಕಿದ ಬಲ್ಬಿಗಿಂತಲೂ ಹೆಚ್ಚು. ಹಾಕಲೇಬೇಕೆಂದಿದ್ದರೆ ಬರಿಯ ಲೋಹದ ಮೇಲೆ ಸ್ಕ್ರೂ ಮಾಡಿ, ಪ್ಲಾಸ್ಟಿಕ್ಕಿನಿಂದಲೂ ತಂತಿಗಳಿಂದಲೂ ದೂರವಿಡಬೇಕು.

ಈಗ ನಾಲ್ಕೂ ದೀಪಗಳ ಕಥೆ. ತಮ್ಮ ಡ್ಯಾಶ್‌ಬೋರ್ಡ್ ನೋಡಿಕೊಳ್ಳಿ. ಎಡಕ್ಕೊಂದು ಬಲಕ್ಕೊಂದು ಬಾಣದ ಬದಲು ಎರಡಕ್ಕೂ ಸೇರಿ ಒಂದೇ ಹಸಿರು ದೀಪ ಇರಬೇಕು. ಆ ಪುಟ್ಟ ಬಲ್ಬಿನ ಒಂದು ಕಾಲು ಎಡಬದಿಯ ತಂತಿಗೂ ಇನ್ನೊಂದು ಕಾಲು ಬಲಬದಿಯ ತಂತಿಗೂ ಜೋಡಿಸಿರುತ್ತದೆ. ಅದಕ್ಕೆ ಅರ್ತ್ ಎಂಬುದೇ ಇಲ್ಲ. ಎಡಕ್ಕೆ ಇಂಡಿಕೇಟರ್ ಹಾಕಿದಾಗ ಎಡದಿಂದ ಬಂದ ವಿದ್ಯುತ್ತು ಹಸಿರು ಬಲ್ಬನ್ನು ಬೆಳಗಿಸಿ, ಬಲಬದಿಯ ದೊಡ್ಡ ಬಲ್ಬ್‌ಗಳ ತಂತುವಿನ ಮೂಲಕ ಬಾಡಿಯನ್ನು ಸೇರುತ್ತದೆ. ಎರಡು ವ್ಯಾಟಿನ ಹಸಿರು ಬಲ್ಬ್ ಬಿಟ್ಟುಕೊಡುವ 0.17 ಆಂಪಿಯರ್, 21 ವ್ಯಾಟಿನ ತಂತುವನ್ನು ಕೆಂಪಗೆ ಮಾಡಲೂ ಸಾಲದು. ಆದ್ದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೇ 0.17 ಆಂಪಿಯರ್ ಎಲ್‌ಇಡಿಗೆ ಹೊಟ್ಟೆ ತುಂಬ ಊಟ. ಹೀಗೆ ಎಡದ ಮಿಣುಕು ಹಸಿರು ದೀಪದ ಸೇತುವೆ ದಾಟಿ ಬಲಕ್ಕೂ ತಲುಪುತ್ತಿದೆ. ಹಸಿರು ಬಲ್ಬನ್ನು ಒಮ್ಮೆ ಕಿತ್ತು ನೋಡಿ. ನಾಲ್ಕೂ ಒಟ್ಟಿಗೆ ಮಿಣುಕುವುದು ನಿಂತುಹೋದರೆ ನಾನು ಹೇಳಿದ್ದು ಸರಿ.

ಪರಿಹಾರಕ್ಕೆ 1ಎನ್4001 ಎಂಬ ಅಥವಾ ಅದರಂಥ ಎರಡು ಡಯೋಡ್‌ಗಳು ಸಾಕು. ಹಸಿರು ಬಲ್ಬಿನಿಂದ ಎರಡೂ ತಂತಿಗಳನ್ನು ಬಿಡಿಸಿ, ಎಡದ ತಂತಿಗೊಂದು ಬಲದ ತಂತಿಗೊಂದು ಡಯೋಡ್ ಜೋಡಿಸಿ, ಡಯೋಡುಗಳ ಬಿಳಿ ಪಟ್ಟಿಯಿರುವ ತುದಿಗಳನ್ನು ಒಂದುಗೂಡಿಸಿ ಬಲ್ಬಿನ ಒಂದು ಕಾಲಿಗೆ ಕೊಡಬೇಕು. ಬಲ್ಬಿನ ಇನ್ನೊಂದು ಕಾಲನ್ನು ಅರ್ತ್ ಮಾಡಬೇಕು. ಡಯೋಡ್ ಒಂದೇ ದಿಕ್ಕಿಗೆ ದಾರಿ ಬಿಡುವ ಬಾಗಿಲು. ಯಾವ ಬದಿ ಮಿಣುಕಿದರೂ ಹಸಿರು ದೀಪ ಹೊತ್ತುತ್ತದೆ, ಆದರೆ ಆಚೆಯ ಬದಿಗೆ ದಾಟಲು ಆಗುವುದಿಲ್ಲ. ಜೋಡಣೆಗೆ ಬೆಸುಗೆ ಹಾಕಿ ಮೇಲೆ ಇನ್ಸುಲೇಶನ್ ಕೊಳವೆ ಹಾಕುವುದನ್ನು ಮರೆಯಬೇಡಿ.

ಇಲ್ಲೇ ಒಂದು ಮಾತು ಸೇರಿಸುತ್ತೇನೆ. 1960ರ ದಶಕದವರೆಗೆ ತಯಾರಾದ ಅನೇಕ ಬ್ರಿಟಿಷ್ ವಾಹನಗಳಲ್ಲಿ ಬಾಡಿಯನ್ನು ಸೇರುವುದು ಬ್ಯಾಟರಿಯ ಋಣ ತುದಿಯಲ್ಲ, ಧನ ತುದಿ. ತಂತುವಿನ ಬಲ್ಬಿಗೆ ದಿಕ್ಕಿನ ಹಂಗಿಲ್ಲ, ಎಲ್‌ಇಡಿಗೂ ಎಲೆಕ್ಟ್ರಾನಿಕ್ ರಿಲೇಗೂ ಡಯೋಡಿಗೂ ಇದೆ. ಅಂಥ ವ್ಯಾನ್ ಉಳ್ಳವರು ಬ್ಯಾಟರಿಯ ತಂತಿಗಳನ್ನು ಮೊದಲು ನೋಡಿಕೊಂಡು, ಪಾಸಿಟಿವ್ ಅರ್ತಿಗೆಂದೇ ಮಾಡಿದ ಸಾಮಾನನ್ನು ಕೇಳಿ ತರಬೇಕು.

ಪ್ರಶ್ನೆ: ಬಲ್ಬಿನ ಗೊಡವೆಯೇ ಬೇಡವೆಂದು ಹಳೆಯ ದೀಪಗಳನ್ನು ತೆಗೆದು, ಪೂರ್ತಿ ಎಲ್‌ಇಡಿಯ ಹೊಸ ಘಟಕಗಳನ್ನೇ ಕೂರಿಸಬೇಕೆಂದಿದ್ದೇನೆ. ಆರಿಸುವಾಗ ಏನನ್ನು ನೋಡಬೇಕು?

ಉತ್ತರ: ಹಳೆಯ ಹೋಲ್ಡರಿಗೆ ಎಲ್‌ಇಡಿ ಬಲ್ಬ್ ತುರುಕುವುದಕ್ಕಿಂತ ಇದು ಖಂಡಿತ ಮೇಲು, ಏಕೆಂದರೆ ಗಾಜು, ಬಟ್ಟಲು, ಬೆಳಕಿನ ಮೂಲ ಮೂರನ್ನೂ ಒಟ್ಟಿಗೆ ಯೋಚಿಸಿ ಮಾಡಿರುತ್ತಾರೆ. ಕೊಳ್ಳುವ ಮೊದಲು ಗಾಜಿನ ಮೇಲಿನ ಉಬ್ಬು ಅಕ್ಷರಗಳನ್ನು ಓದಿರಿ. ವಿಶ್ವಸಂಸ್ಥೆಯ ನಿಯಮಗಳಂತೆ ಪರೀಕ್ಷೆಗೊಂಡ ದೀಪದ ಮೇಲೆ ವೃತ್ತದೊಳಗೆ ‘ಇ’ ಎಂಬ ರೋಮನ್ ಅಕ್ಷರವೂ ಅನುಮೋದನೆ ಕೊಟ್ಟ ದೇಶದ ಸಂಖ್ಯೆಯೂ ಇರುತ್ತದೆ. 1 ಎಂದರೆ ಜರ್ಮನಿ, 2 ಫ್ರಾನ್ಸ್, 4 ನೆದರ್ಲೆಂಡ್ಸ್. ಅದರ ಪಕ್ಕದ ಅಕ್ಷರಗಳು ಆ ಘಟಕ ಯಾವ ಯಾವ ಕೆಲಸಕ್ಕೆ ಅರ್ಹವೆಂದು ಹೇಳುತ್ತವೆ: ಟೇಲಿಗೆ ‘ಆರ್’, ಬ್ರೇಕಿಗೆ ‘ಎಸ್’, ಹಿಂದಿನ ಇಂಡಿಕೇಟರಿಗೆ ‘2ಎ’, ಹಿಂದಿನ ಫಾಗ್ ದೀಪಕ್ಕೆ ‘ಎಫ್’, ರಿವರ್ಸಿಗೆ ‘ಎಆರ್’. ಅಮೆರಿಕದ ಮಾರುಕಟ್ಟೆಗೆಂದು ಮಾಡಿದ ಘಟಕಗಳಲ್ಲಿ ಇಂಡಿಕೇಟರ್ ಕೆಂಪಾಗಿರಬಹುದು, ಅಲ್ಲಿ ಅದಕ್ಕೆ ಅನುಮತಿಯಿದೆ. ವಿಶ್ವಸಂಸ್ಥೆಯ ನಿಯಮ ಅನುಸರಿಸುವ ದೇಶಗಳಲ್ಲಿ ಅದು ಕಿತ್ತಳೆಯೇ ಆಗಿರಬೇಕು.

ಹಲವರು ಗಮನಿಸದೆ ಕಳೆದುಕೊಳ್ಳುವುದು ಪ್ರತಿಫಲಕವನ್ನು. ಹಳೆಯ ಗಾಜಿನ ಒಂದು ಭಾಗದಲ್ಲಿ ಜೇನುಗೂಡಿನಂಥ ಕಣಗಳಿದ್ದ ಕೆಂಪು ಪಟ್ಟಿ ಇತ್ತಲ್ಲ, ಬ್ಯಾಟರಿ ಸತ್ತು ವ್ಯಾನ್ ಕತ್ತಲ ರಸ್ತೆಯ ಪಕ್ಕ ನಿಂತಾಗ ಅದೊಂದೇ ಬೇರೆಯವರಿಗೆ ಕಾಣುವಂಥದ್ದು. ಹೊಸ ಘಟಕದ ಮೇಲೆ ‘ಐಎ’ ಎಂಬ ಗುರುತು ಇಲ್ಲದಿದ್ದರೆ ಒಂದು ಜೊತೆ ಕೆಂಪು ಪ್ರತಿಫಲಕಗಳನ್ನು ಬೇರೆಯಾಗಿ ಹಾಕಲೇಬೇಕು. ಫಾಗ್ ದೀಪವನ್ನು ಸೇರಿಸುವವರು ಅದಕ್ಕೂ ಬ್ರೇಕ್ ದೀಪಕ್ಕೂ ನಡುವೆ 100 ಮಿಲಿಮೀಟರಿಗಿಂತ ಹೆಚ್ಚು ಅಂತರ ಬಿಡಬೇಕೆಂಬುದು ನಿಯಮ. ಹತ್ತಿರವಿದ್ದರೆ ಒಂದರ ಪ್ರಖರತೆಯಲ್ಲಿ ಇನ್ನೊಂದು ಮುಳುಗಿಹೋಗುತ್ತದೆ.

ವ್ಯಾನಿಗೇ ವಿಶಿಷ್ಟವಾದ ಒಂದು ತೊಡಕಿದೆ. ಹಿಂದಿನ ಬಾಗಿಲುಗಳ ಮೇಲೆ ದೀಪ ಕೂರಿಸಿದರೆ, ರಸ್ತೆ ಬದಿಯಲ್ಲಿ ಬಾಗಿಲು ತೆರೆದು ಸಾಮಾನು ಇಳಿಸುವ ಹೊತ್ತಿನಲ್ಲಿ, ಅಂದರೆ ದೀಪದ ಅಗತ್ಯ ಅತ್ಯಂತ ಹೆಚ್ಚಿರುವ ಹೊತ್ತಿನಲ್ಲಿ, ಅವು ಪಕ್ಕಕ್ಕೋ ಮುಂದಕ್ಕೋ ಮುಖಮಾಡಿಬಿಡುತ್ತವೆ. ಮೂಲೆಯ ಕಂಬಗಳಲ್ಲೋ ಬಂಪರಿನಲ್ಲೋ ಕೂರಿಸಿ, ಬಾಗಿಲನ್ನು ಪೂರ್ತಿ ತೆರೆದಿಟ್ಟು ಹಿಂದೆ ನಿಂತು ನೋಡಿದ ಮೇಲೆಯೇ ರಂಧ್ರ ಕೊರೆಯಿಸಿರಿ.

ಪ್ರಶ್ನೆ: ಛಾವಣಿಯ ಹತ್ತಿರ ಮೂರನೆಯ ಬ್ರೇಕ್ ದೀಪ ಹಾಕಿಸುವುದರಿಂದ ನಿಜಕ್ಕೂ ಪ್ರಯೋಜನವಿದೆಯೇ, ಅಥವಾ ಬರಿಯ ಅಲಂಕಾರವೇ?

ಉತ್ತರ: ಪ್ರಯೋಜನವಿದೆ, ಆದರೆ ಕೇಳಿಬರುವಷ್ಟಿಲ್ಲ. 1974ರಲ್ಲಿ ಮನಶ್ಶಾಸ್ತ್ರಜ್ಞ ಜಾನ್ ವೊಯೆವೊಡ್ಸ್ಕಿ ಸ್ಯಾನ್ ಫ್ರಾನ್ಸಿಸ್ಕೋದ 343 ಟ್ಯಾಕ್ಸಿಗಳಿಗೆ ಹೆಚ್ಚುವರಿ ಬ್ರೇಕ್ ದೀಪ ಹಾಕಿ ನೋಡಿದಾಗ ಹಿಂದಿನಿಂದ ಗುದ್ದುವ ಅಪಘಾತಗಳು ಶೇ. 60ರಷ್ಟು ಕಡಿಮೆಯಾದವು. ಅಮೆರಿಕ ಅದನ್ನು 1986ರ ಮಾದರಿಯ ಕಾರುಗಳಿಂದಲೂ 1994ರ ಮಾದರಿಯ ಲಘು ಟ್ರಕ್ಕು, ವ್ಯಾನುಗಳಿಂದಲೂ ಕಡ್ಡಾಯಗೊಳಿಸಿತು. ಎಲ್ಲರಲ್ಲೂ ಆ ದೀಪ ಬಂದು ಹೊಸತನ ಅಳಿದ ಮೇಲೆ, 1998ರಲ್ಲಿ ಅಲ್ಲಿನ ಸಾರಿಗೆ ಸುರಕ್ಷತಾ ಇಲಾಖೆ ಲೆಕ್ಕ ಹಾಕಿದಾಗ ಉಳಿದದ್ದು ಶೇ. 4.3ರ ಇಳಿಕೆ. ಇಷ್ಟು ಅಗ್ಗದ ಒಂದು ದೀಪಕ್ಕೆ ಅದೂ ಒಳ್ಳೆಯ ಫಲವೇ ಎಂಬುದು ನನ್ನ ಅಭಿಪ್ರಾಯ. ಎತ್ತರದ ವ್ಯಾನಿಗಂತೂ ಎರಡನೆಯ, ಮೂರನೆಯ ವಾಹನದವರಿಗೂ ಅದು ಕಾಣುತ್ತದೆ.

ತಂತಿಯನ್ನು ಬ್ರೇಕ್ ದೀಪದ ತಂತಿಯಿಂದಲೇ ತೆಗೆಯಬೇಕು. ಎರಡು ಬಾಗಿಲಿನ ವ್ಯಾನಾದರೆ ನಡುವೆ ಸೇರುಗೆರೆ ಬರುವುದರಿಂದ ದೀಪವನ್ನು ಬಾಗಿಲ ಮೇಲಲ್ಲದೆ ಛಾವಣಿಯ ಅಂಚಿನಲ್ಲಿ ಕೂರಿಸುವುದು ಒಳ್ಳೆಯದು. ಬಾಗಿಲಿನಲ್ಲೇ ಹಾಕಬೇಕಾದರೆ ಕೀಲಿನ ಬಳಿ ಹಲವು ಎಳೆಗಳ ಮೆದುವಾದ ತಂತಿಯನ್ನು ರಬ್ಬರ್ ಕೊಳವೆಯೊಳಗೆ ಬಿಡಬೇಕು, ಇಲ್ಲವಾದರೆ ದಿನಕ್ಕೆ ಹತ್ತಾರು ಸಲ ಬಾಗಿ ಅದು ಒಳಗೇ ತುಂಡಾಗುತ್ತದೆ. ಬ್ರೇಕ್ ಒತ್ತಿದಾಗ ಪಟಪಟನೆ ಮಿಣುಕುವ ಬಗೆಯದು ಬೇಡ. ಬ್ರೇಕಿನ ಬೆಳಕು ನಿಶ್ಚಲವಾಗಿರಬೇಕು.

ಪ್ರಶ್ನೆ: ಗಾಜು ಬಿಸಿಲಿಗೆ ಬಣ್ಣಗೆಟ್ಟಿದೆ. ಕೆಂಪು ಪಾರದರ್ಶಕ ಸ್ಪ್ರೇ ಹೊಡೆಯಬಹುದೇ? ಕಪ್ಪು ಛಾಯೆಯ ಫಿಲ್ಮ್ ಕೂಡ ಚೆನ್ನಾಗಿ ಕಾಣುತ್ತದೆ ಎನ್ನುತ್ತಾರೆ.

ಉತ್ತರ: ಎರಡೂ ಬೇಡ. ಸ್ಪ್ರೇ ಬೆಳಕನ್ನು ನುಂಗುತ್ತದೆ, ಕಪ್ಪು ಫಿಲ್ಮ್ ಇನ್ನೂ ಹೆಚ್ಚು ನುಂಗುತ್ತದೆ. ಬಣ್ಣಗೆಟ್ಟ ಗಾಜಿಗೆ ಹೊಸ ಗಾಜೇ ಮದ್ದು. ಬರಿಯ ಕೊಳೆ ಕೂತಿದ್ದರೆ ಬಿಚ್ಚಿ, ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆಯಿರಿ. ಪೆಟ್ರೋಲನ್ನಾಗಲಿ ಥಿನ್ನರನ್ನಾಗಲಿ ತಾಗಿಸಿದರೆ ನಾವು ಗಾಜೆನ್ನುವ ಈ ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಮೈತುಂಬ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಒಳಗಿನ ಬಟ್ಟಲಿನ ಬೆಳ್ಳಿಬಣ್ಣ ಬಲು ತೆಳುವಾದ ಲೇಪನ, ಅದನ್ನು ಉಜ್ಜದೆ ಧೂಳು ಊದಿದರೆ ಸಾಕು. ಮತ್ತೆ ಜೋಡಿಸುವಾಗ ಹೊಸ ರಬ್ಬರ್ ಗ್ಯಾಸ್ಕೆಟ್ ಹಾಕಿ, ದೀಪದ ಒಂದು ಅಂಚಿನಲ್ಲಿರುವ ಸಣ್ಣ ರಂಧ್ರವನ್ನು ಹುಡುಕಿ ನೋಡಿರಿ. ಒಳಸೇರಿದ ನೀರು ಹೊರಹೋಗಲು ಇರುವ ಆ ರಂಧ್ರ ಕೆಳಗೆ ಬರಬೇಕು. ಎಡಬದಿಯ ಗಾಜನ್ನು ತಲೆಕೆಳಗು ಮಾಡಿ ಬಲಬದಿಗೆ ಹಾಕಿದ ವ್ಯಾನುಗಳಲ್ಲಿ ಅದು ಮೇಲಕ್ಕೆ ಬಂದು, ಮೊದಲ ಮಳೆಗೇ ದೀಪದೊಳಗೆ ನೀರು ತುಂಬಿ ನಿಂತಿರುವುದನ್ನು ನಾನು ಕಂಡಿದ್ದೇನೆ.